ಹಳೆಯ ಇಂಗ್ಲಿಷ್ ಬೇಸಾಯದ ಪುಸ್ತಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಹಳೆಯ ಬೇಸಾಯದ ಪುಸ್ತಕಗಳ ಬಗ್ಗೆ ಮಾತು ಬಂದಾಗಲೆಲ್ಲ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೃಷಿ ಕಾಲೇಜಿನ ಹುಡುಗರು ಕೇಳುತ್ತಾರೆ, ಇತಿಹಾಸದ ಮೇಷ್ಟ್ರು ಕೇಳುತ್ತಾರೆ, ತೋಟ ಮಾಡಿಕೊಂಡಿರುವ ಗೆಳೆಯರು ಕೇಳುತ್ತಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದವು ಮೊದಲು, ಜಗಳ ಹುಟ್ಟಿಸುವಂಥವು ಕೊನೆಗೆ.

## ಮೊದಲು ತಿಳಿಯಬೇಕಾದದ್ದು

ಯಾವ ಕಾಲದ ಪುಸ್ತಕಗಳ ಬಗ್ಗೆ ನೀವು ಹೇಳ್ತಿರೋದು?

ಮುಖ್ಯವಾಗಿ 1523ರಿಂದ 1731ರವರೆಗಿನವು. 1523ರಲ್ಲಿ ಫಿಟ್ಜ್‌ಹರ್ಬರ್ಟ್‌ನ ಬೇಸಾಯದ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. 1731ರಲ್ಲಿ ಜೆತ್ರೋ ಟಲ್‌ನ ಪುಸ್ತಕದ ಮೊದಲ ರೂಪ ಬಂತು. ನಡುವಿನ ಇನ್ನೂರು ವರ್ಷಗಳಲ್ಲಿ ನೆಲ, ಗೊಬ್ಬರ, ಹುಲ್ಲು, ಕುದುರೆ ರೋಗ, ಬಿಯರಿಗೆ ಹಾಕುವ ಹಾಪ್ಸ್ ಬಳ್ಳಿ, ಹಣ್ಣಿನ ಮರ ಹೀಗೆ ಎಲ್ಲದರ ಮೇಲೂ ಪುಸ್ತಕ ಬಂದವು. ರೆಜಿನಾಲ್ಡ್ ಸ್ಕಾಟ್ ಎಂಬಾತ 1574ರಲ್ಲಿ ಬರೀ ಹಾಪ್ಸ್ ತೋಟದ ಮೇಲೆ ಪುಸ್ತಕ ಬರೆದ. ಹತ್ತು ವರ್ಷ ಬಿಟ್ಟು ಅದೇ ಮನುಷ್ಯ ಮಾಟಗಾತಿಯರ ಕಥೆಗಳೆಲ್ಲ ಸುಳ್ಳು ಎಂದು ಇನ್ನೊಂದು ದಪ್ಪ ಪುಸ್ತಕ ಬರೆದ. ಆ ಕಾಲದ ಬರಹಗಾರರು ಹಾಗೆಯೇ, ಒಂದೇ ವಿಷಯಕ್ಕೆ ಕಟ್ಟುಬಿದ್ದವರಲ್ಲ.

ಎಲ್ಲಕ್ಕಿಂತ ಮೊದಲನೆಯದು ಯಾವುದು?

ಇಂಗ್ಲಿಷಿನಲ್ಲೇ ಬರೆದು ಅಚ್ಚಾಗಿದ್ದರಲ್ಲಿ ಫಿಟ್ಜ್‌ಹರ್ಬರ್ಟ್‌ನದೇ ಮೊದಲು. ಆದರೆ ಅದಕ್ಕೂ ಇನ್ನೂರೈವತ್ತು ವರ್ಷ ಹಿಂದೆ, 13ನೇ ಶತಮಾನದಲ್ಲಿ, ವಾಲ್ಟರ್ ಆಫ್ ಹೆನ್ಲಿ ಎಂಬಾತ ಕೈಬರಹದ ಒಂದು ಕೃತಿ ರಚಿಸಿದ್ದ. ಅದು ಇಂಗ್ಲಿಷಿನಲ್ಲಿ ಇರಲಿಲ್ಲ. ಇಂಗ್ಲೆಂಡಿನ ಜಮೀನ್ದಾರರು ಆಗ ಆಡುತ್ತಿದ್ದ ಫ್ರೆಂಚಿನಲ್ಲಿ ಇತ್ತು. ತಂದೆ ಮಗನಿಗೆ ಬುದ್ಧಿ ಹೇಳುವ ಧಾಟಿ. ಓದಬೇಕಾದವನು ನೇಗಿಲು ಹಿಡಿದವನಲ್ಲ, ಜಮೀನಿನ ಲೆಕ್ಕ ನೋಡುವವನು. ಹಾಗಾಗಿ ಅದರ ತುಂಬ ಲೆಕ್ಕವೇ: ಎಷ್ಟು ಬೀಜ, ಎಷ್ಟು ಉಳುಮೆ, ಆಳು ಎಲ್ಲಿ ಮೋಸ ಮಾಡಬಹುದು. ಬಿತ್ತಿದ್ದರ ಮೂರರಷ್ಟು ಮಾತ್ರ ಬೆಳೆ ಬಂದರೆ, ಧಾನ್ಯಕ್ಕೆ ಒಳ್ಳೆ ರೇಟು ಸಿಗದ ಹೊರತು ನಿನಗೆ ಏನೂ ಉಳಿಯುವುದಿಲ್ಲ ಎಂದು ಆತ ಖರ್ಚು ಹಾಕಿ ತೋರಿಸುತ್ತಾನೆ. ಆ ಕಾಲದ ಇಳುವರಿ ಎಂಥದ್ದಿತ್ತು ಎಂದು ಇದೊಂದರಿಂದಲೇ ಊಹಿಸಬಹುದು. ಬೀಜ ಬದಲಾಯಿಸು, ಬೇರೆ ನೆಲದ ಬೀಜ ತಂದು ಬಿತ್ತು ಎಂಬ ಮಾತೂ ಅವನಲ್ಲಿದೆ.

ಫಿಟ್ಜ್‌ಹರ್ಬರ್ಟ್ ಅಂದ್ರೆ ಆ ಜಡ್ಜ್ ಸಾಹೇಬರೇ ತಾನೇ?

ಬಹಳ ಕಾಲ ಹಾಗೆಯೇ ನಂಬಿದ್ದರು. ನ್ಯಾಯಾಧೀಶ ಆಂಟನಿ ಫಿಟ್ಜ್‌ಹರ್ಬರ್ಟ್ ಕಾನೂನು ಪುಸ್ತಕಗಳಿಂದ ದೊಡ್ಡ ಹೆಸರು ಮಾಡಿದವರು. ಆದರೆ ಬೇಸಾಯದ ಪುಸ್ತಕದ ಲೇಖಕ ತಾನು 40 ವರ್ಷ ಮನೆ ನಡೆಸಿ ಬೇಸಾಯ ಮಾಡಿದವನು ಎನ್ನುತ್ತಾನೆ. ಕೋರ್ಟು ಕಚೇರಿಯಲ್ಲೇ ಬದುಕು ಕಳೆದವರಿಗೆ ಅಷ್ಟು ಪುರುಸೊತ್ತು ಎಲ್ಲಿ? ಹಾಗಾಗಿ ಇದು ಅಣ್ಣ ಜಾನ್‌ನದು ಎಂದು ಹಲವು ವಿದ್ವಾಂಸರ ವಾದ. ನನಗೂ ಹಾಗೇ ಅನಿಸುತ್ತದೆ. ಕುರಿಯ ಕಣ್ಣು, ಉಣ್ಣೆ, ಒಸಡು ನೋಡಿ ರೋಗ ಹಿಡಿದಿದೆಯೋ ಇಲ್ಲವೋ ಹೇಳುವ ಭಾಗ ಓದಿದರೆ, ಬರೆದವನು ಮಂದೆಯ ನಡುವೆ ನಿಂತವನೇ ಎಂದು ಗೊತ್ತಾಗುತ್ತದೆ.

ಉಳೋದಕ್ಕೆ ಎತ್ತು ಒಳ್ಳೇದಾ ಕುದುರೆ ಒಳ್ಳೇದಾ ಅಂತ ಇವರೂ ಜಗಳ ಆಡಿದ್ರಂತೆ, ಹೌದಾ?

ಹೌದು, ಮುನ್ನೂರು ವರ್ಷಕ್ಕೂ ಹೆಚ್ಚು. ವಾಲ್ಟರ್ ಎತ್ತಿನ ಕಡೆ. ಕುದುರೆಗೆ ಓಟ್ಸ್ ತಿನ್ನಿಸಬೇಕು, ಲಾಳ ಹೊಡೆಸಬೇಕು. ಮುದಿಯಾದ ಎತ್ತನ್ನು ಹುಲ್ಲಿಗೆ ಬಿಟ್ಟು ಕೊಬ್ಬಿಸಿದರೆ ಮಾಂಸಕ್ಕಾದರೂ ಆಗುತ್ತದೆ, ಮುದಿ ಕುದುರೆಯಲ್ಲಿ ಚರ್ಮ ಬಿಟ್ಟರೆ ಏನೂ ಸಿಗುವುದಿಲ್ಲ ಎಂಬುದು ಅವನ ಲೆಕ್ಕ. ಫಿಟ್ಜ್‌ಹರ್ಬರ್ಟ್ ಜಾಗ ನೋಡಿ ಹೇಳು ಎನ್ನುತ್ತಾನೆ. ಎತ್ತು ಮೇಯಲು ಬೇಲಿ ಹಾಕಿದ ಹುಲ್ಲುಗಾವಲು ಇದ್ದರೆ ಎತ್ತು, ಇಲ್ಲದ ಕಡೆ ಕುದುರೆ. ಗಟ್ಟಿ ಜೇಡಿಮಣ್ಣಿನಲ್ಲಿ ಎತ್ತು ಜಗ್ಗದೆ ಎಳೆಯುತ್ತದೆ, ಹಗುರ ನೆಲದಲ್ಲಿ ಕುದುರೆ ಬೇಗ ಮುಗಿಸುತ್ತದೆ.

ಪದ್ಯದಲ್ಲಿ ಬೇಸಾಯ ಬರೆದವನು ಯಾರು?

ಥಾಮಸ್ ಟಸ್ಸರ್. 1557ರಲ್ಲಿ ನೂರು ಸೂತ್ರಗಳ ಪುಸ್ತಕ ತಂದ. 1573ರ ಹೊತ್ತಿಗೆ ಅದು ಐನೂರು ಸೂತ್ರಗಳಾಗಿ ಬೆಳೆದಿತ್ತು. ಪ್ರಾಸಬದ್ಧ ಪದ್ಯ, ಕುಣಿಯುವ ಲಯ, ತಿಂಗಳು ತಿಂಗಳ ಕೆಲಸ. ನಮ್ಮಲ್ಲಿ ಮಳೆ ನಕ್ಷತ್ರಗಳ ಗಾದೆಗಳು ಬಾಯಲ್ಲಿ ಉಳಿದ ಹಾಗೆ ಇವನ ಸಾಲುಗಳೂ ಅಲ್ಲಿ ಬಾಯಲ್ಲಿ ಉಳಿದವು. ಕ್ರಿಸ್‌ಮಸ್ ಬರುವುದು ವರ್ಷಕ್ಕೆ ಒಂದೇ ಸಲ ಎಂಬ ಮಾತನ್ನು ಇಂದಿಗೂ ಹೇಳುವವರಿಗೆ ಅದು ಟಸ್ಸರ್‌ನ ಪದ್ಯದಲ್ಲಿದೆ ಎಂದು ಗೊತ್ತಿರುವುದಿಲ್ಲ.

ಅವನ ವರ್ಷ ಸೆಪ್ಟೆಂಬರಿನಲ್ಲಿ ಶುರುವಾಗುತ್ತದೆ. ಇದಕ್ಕೆ ಕಾರಣ ಕವಿಯ ಚಮತ್ಕಾರವಲ್ಲ. ಸೆಪ್ಟೆಂಬರ್ 29ರ ಮೈಕೆಲ್ಮಸ್ ಹಬ್ಬಕ್ಕೆ ಹಳೆ ಗೇಣಿ ಮುಗಿದು ಹೊಸದು ಆರಂಭವಾಗುತ್ತಿತ್ತು. ಹೊಸ ಗೇಣಿದಾರ ಹೊಲಕ್ಕೆ ಕಾಲಿಡುವ ದಿನದಿಂದಲೇ ಪುಸ್ತಕವೂ ಹೆಜ್ಜೆ ಹಾಕುತ್ತದೆ.

ಇವರಿಗೆಲ್ಲ ನಿಜವಾಗ್ಲೂ ಬೇಸಾಯ ಗೊತ್ತಿತ್ತಾ, ಇಲ್ಲಾ ಸುಮ್ನೆ ಬರೆದರಾ?

ಎರಡೂ ಬಗೆಯವರು ಇದ್ದರು. ಟಸ್ಸರ್ ಚರ್ಚಿನಲ್ಲಿ ಹಾಡುವ ಹುಡುಗನಾಗಿ ಬೆಳೆದವನು, ಈಟನ್, ಕೇಂಬ್ರಿಡ್ಜ್ ಕಂಡವನು. ಆಮೇಲೆ ಸಫೋಕ್‌ನಲ್ಲಿ ಹೊಲ ಹಿಡಿದ. ಊರೂರು ಬದಲಾಯಿಸಿದರೂ ಕೈಗೆ ಹತ್ತಲಿಲ್ಲ. 1580ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಎಲ್ಲರಿಗೂ ಮಿತವ್ಯಯ ಕಲಿಸಿದವನಿಗೆ ತಾನು ಏಳಿಗೆಯಾಗಲು ಆಗಲಿಲ್ಲವಲ್ಲ ಎಂದು ಆಮೇಲಿನ ಕವಿಯೊಬ್ಬ ಗೇಲಿ ಮಾಡಿದ.

ಗೇಬ್ರಿಯಲ್ ಪ್ಲಾಟ್ಸ್ 1639ರಲ್ಲಿ ನೆಲದಡಿ ಮುಗಿಯದ ನಿಧಿ ಇದೆ, ತೆಗೆಯುವುದು ಹೇಗೆ ಎಂದು ಪುಸ್ತಕ ಬರೆದ. ತಾನು ಮಾತ್ರ ಕಡು ಬಡತನದಲ್ಲಿ ಸತ್ತ. 18ನೇ ಶತಮಾನದ ಅತಿ ದೊಡ್ಡ ಕೃಷಿ ಬರಹಗಾರ ಆರ್ಥರ್ ಯಂಗ್ ಎಸೆಕ್ಸಿನಲ್ಲಿ ಹಿಡಿದ ಹೊಲವನ್ನು ಇನ್ನೊಬ್ಬ ವಹಿಸಿಕೊಳ್ಳಲಿ ಎಂದು ತಾನೇ 100 ಪೌಂಡ್ ಕೊಟ್ಟು ಬಿಡಿಸಿಕೊಂಡ. ವಹಿಸಿಕೊಂಡವನು ಅದೇ ಹೊಲದಲ್ಲಿ ಚೆನ್ನಾಗಿ ದುಡಿದ.

ಗರ್ವೇಸ್ ಮಾರ್ಕಮ್‌ನದು ಇನ್ನೊಂದು ಕಥೆ. ಅವನು ಪುಸ್ತಕ ಬರೆದೇ ಹೊಟ್ಟೆ ಹೊರೆದವನು. ಹಳೆಯದನ್ನೇ ಹೊಸ ಹೆಸರಿನಲ್ಲಿ ಎಷ್ಟು ಸಲ ಕೊಟ್ಟನೆಂದರೆ, ಇನ್ನು ಮುಂದೆ ಕುದುರೆ, ದನ, ಕುರಿ, ಹಂದಿಗಳ ರೋಗದ ಮೇಲೆ ಪುಸ್ತಕ ಬರೆಯುವುದಿಲ್ಲ ಎಂದು 1617ರಲ್ಲಿ ಪುಸ್ತಕ ವ್ಯಾಪಾರಿಗಳು ಅವನಿಂದ ಬರೆಸಿಕೊಂಡು ಸಹಿ ಹಾಕಿಸಿದರು.

ಇದರಿಂದ ಪುಸ್ತಕಗಳು ಕೆಲಸಕ್ಕೆ ಬಾರದವು ಎಂದು ತೀರ್ಮಾನಿಸಬೇಡಿ. ಸೋತವನು ಸುತ್ತಮುತ್ತಲ ಗೆದ್ದವರನ್ನು ಕಣ್ಣಿಟ್ಟು ನೋಡಿರುತ್ತಾನೆ. ಇವರು ಬರೆದಿಟ್ಟ ಒಳ್ಳೆಯ ವಿಚಾರಗಳಲ್ಲಿ ಬಹುಪಾಲು ಯಾವುದೋ ಹಳ್ಳಿಯ ಹೆಸರಿಲ್ಲದ ರೈತ ಆಗಲೇ ಮಾಡುತ್ತಿದ್ದದ್ದು.

ಸಾಮಾನ್ಯ ರೈತ ಇದನ್ನ ಓದ್ತಿದ್ನಾ?

ಜಾಸ್ತಿ ಜನ ಓದುತ್ತಿರಲಿಲ್ಲ. ಓದು ಬರುತ್ತಿದ್ದವರು ಕಡಿಮೆ, ಪುಸ್ತಕಕ್ಕೆ ದುಡ್ಡು ಬೇರೆ. ಕೊಂಡವರು ಜಮೀನ್ದಾರರು, ಅವರ ಕಾರ್ಯಸ್ಥರು, ಪಾದ್ರಿಗಳು, ಸ್ವಂತ ನೆಲವಿದ್ದ ಸ್ಥಿತಿವಂತ ರೈತರು. ಟಸ್ಸರ್ ಮಾತ್ರ ಓದು ಬಾರದವರ ಕಿವಿಗೂ ಬಿದ್ದಿರಬೇಕು, ಪದ್ಯವಲ್ವಾ.

ಹೊಸ ಬೆಳೆಗಳು ಹರಡಿದ್ದು ಬೇರೆ ದಾರಿಯಲ್ಲಿ. 1560ರ ದಶಕದಲ್ಲಿ ಧರ್ಮದ ಕಿರುಕುಳ ತಾಳಲಾರದೆ ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ) ಕಡೆಯ ಜನ ಇಂಗ್ಲೆಂಡಿನ ಸ್ಯಾಂಡ್‌ವಿಚ್, ನಾರ್ವಿಚ್ ಊರುಗಳಿಗೆ ಬಂದು ನೆಲೆಸಿದರು. ಕ್ಯಾರೆಟ್, ಟರ್ನಿಪ್ ಎಂಬ ಗೆಡ್ಡೆ ಬೆಳೆದು ಪೇಟೆಗೆ ತಂದರು. ಅಕ್ಕಪಕ್ಕದವರು ಬೇಲಿಯ ಮೇಲಿಂದ ನೋಡಿ ಕಲಿತರು.

ಹೆಂಗಸರ ಕೆಲಸದ ಬಗ್ಗೆ ಏನಾದ್ರೂ ಇದೆಯಾ?

ಇದೆ. ಫಿಟ್ಜ್‌ಹರ್ಬರ್ಟ್‌ನ ಪಟ್ಟಿ ಓದಿದರೆ ಸುಸ್ತಾಗುತ್ತದೆ. ಕಾಳು ತೂರಬೇಕು, ಬಿಯರಿಗೆ ಬಾರ್ಲಿ ಮೊಳಕೆ ಬರಿಸಿ ಮಾಲ್ಟ್ ಮಾಡಬೇಕು, ಬಟ್ಟೆ ಒಗೆಯಬೇಕು, ಹುಲ್ಲು ಒಣಗಿಸಬೇಕು, ಪೈರು ಕೊಯ್ಯಬೇಕು. ಬೇಕಾದಾಗ ಗೊಬ್ಬರದ ಗಾಡಿ ತುಂಬಬೇಕು, ನೇಗಿಲಿನ ಮುಂದೆ ದನ ಹೊಡೆಯಬೇಕು. ಸಂತೆಗೆ ಹೋಗಿ ಬೆಣ್ಣೆ, ಗಿಣ್ಣು, ಮೊಟ್ಟೆ, ಕೋಳಿ ಮಾರಿ ಬಂದು ಗಂಡನಿಗೆ ಸರಿಯಾದ ಲೆಕ್ಕ ಕೊಡಬೇಕು. ಗಂಡ ಸಂತೆಗೆ ಹೋದರೆ ಅವನೂ ಹೆಂಡತಿಗೆ ಹಾಗೆಯೇ ಲೆಕ್ಕ ಕೊಡಬೇಕು ಎನ್ನುತ್ತಾನೆ. ಒಬ್ಬರನ್ನೊಬ್ಬರು ವಂಚಿಸಿದರೆ ತಮ್ಮನ್ನೇ ವಂಚಿಸಿಕೊಂಡಂತೆ. ಆ ಒಂದು ಮಾತಿಗೆ ನಾನು ಅವನನ್ನು ಮೆಚ್ಚುತ್ತೇನೆ. ಮಾರ್ಕಮ್ 1615ರಲ್ಲಿ ಗೃಹಿಣಿಗೆಂದೇ ಬೇರೆ ಪುಸ್ತಕ ತಂದ: ಔಷಧಿ, ಅಡುಗೆ, ಹೈನು, ಬಿಯರ್ ತಯಾರಿ ಎಲ್ಲ ಅದರಲ್ಲಿವೆ.

## ನೆಲ, ನೀರು, ಗೊಬ್ಬರ

ನೆಲ ಹಸನು ಮಾಡೋದು ಅಂತ ಪುಸ್ತಕದ ತುಂಬ ಇದೆ. ಏನೇನು ಮಾಡ್ತಿದ್ರು?

ಇದಕ್ಕೆ ಅತಿ ಚೆನ್ನಾಗಿ ಉತ್ತರ ಕೊಟ್ಟವನು ವಾಲ್ಟರ್ ಬ್ಲಿತ್. ರಾಜನ ವಿರುದ್ಧ ಪಾರ್ಲಿಮೆಂಟಿನ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದವನು. ರಾಜ 1ನೇ ಚಾರ್ಲ್ಸ್‌ನ ತಲೆ ಉರುಳಿದ 1649ರಲ್ಲೇ ಅವನ ಪುಸ್ತಕ ಬಂತು. 1652ರಲ್ಲಿ ಅದನ್ನು ಬಹಳ ಹಿಗ್ಗಿಸಿ ಮತ್ತೆ ತಂದ. ಹುಲ್ಲುಗಾವಲಿಗೆ ನೀರು ಹಾಯಿಸುವುದು, ಜೌಗು ಬಸಿಯುವುದು, ಹೊಲಕ್ಕೆ ಬೇಲಿ ಹಾಕುವುದು, ಸವೆದ ಹುಲ್ಲುಗಾವಲನ್ನು ಉತ್ತು ಸವೆದ ಹೊಲವನ್ನು ಹುಲ್ಲಿಗೆ ಬಿಡುವುದು, ನೆಲಕ್ಕೆ ತಕ್ಕ ಗೊಬ್ಬರ, ಮರ ನೆಡುವುದು. ಇಷ್ಟು ಅವನ ಮುಖ್ಯ ದಾರಿಗಳು. ಎರಡನೇ ಮುದ್ರಣದಲ್ಲಿ ಕ್ಲೋವರ್ ಎಂಬ ಮೇವಿನ ಗಿಡ, ಬಟ್ಟೆಗೆ ಬಣ್ಣ ಕೊಡುವ ಗಿಡಗಳು, ಹಾಪ್ಸ್, ಕೇಸರಿ ಇತ್ಯಾದಿ ಸೇರಿದವು.

ಅವನ ಬರಹದಲ್ಲಿ ನನಗೆ ಇಷ್ಟವಾಗುವುದು ಬಸಿಗಾಲುವೆಯ ವಿಷಯದಲ್ಲಿ ಅವನು ಹಿಡಿಯುವ ಹಟ. ಜೌಗಿಗೆ ಕಾರಣವಾದ ನೀರು ಎಲ್ಲಿದೆಯೋ ಅದರ ಕೆಳಗಿನವರೆಗೆ ಗುಂಡಿ ಹೋಗಬೇಕು, ಮೇಲೆ ಮೇಲೆ ಕೆರೆದರೆ ದುಡ್ಡು ದಂಡ ಎಂದು ಮತ್ತೆ ಮತ್ತೆ ಹೇಳುತ್ತಾನೆ. ಅಡಿಕೆ ತೋಟಕ್ಕೆ ಬಸಿಗಾಲುವೆ ತೆಗೆಸಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ರಾಸಾಯನಿಕ ಗೊಬ್ಬರ ಇಲ್ಲದ ಕಾಲದಲ್ಲಿ ಏನು ಹಾಕ್ತಿದ್ರು?

ಸಿಕ್ಕಿದ್ದನ್ನೆಲ್ಲ. ಕೊಟ್ಟಿಗೆ ಗೊಬ್ಬರ, ಪಾರಿವಾಳದ ಹಿಕ್ಕೆ, ಕಡಲ ಪಾಚಿ, ಸೋಪು ಮಾಡುವವರ ಬೂದಿ, ಕೊಂಬಿನ ಚೂರು, ಹರಕು ಉಣ್ಣೆ ಬಟ್ಟೆ, ಬೀದಿಯ ಕಸ. 1594ರಲ್ಲಿ ಹ್ಯೂ ಪ್ಲಾಟ್ ಇಂಥವುಗಳ ಮೇಲೆ ಬಹಳ ಬರೆದ. ನೆಲದ ಸಾರವೆಲ್ಲ ಉಪ್ಪಿನಂಥ ಒಂದು ವಸ್ತುವಿನಲ್ಲಿದೆ ಎಂದು ನಂಬಿದ್ದ. ಆ ಯೋಚನೆ ಅವನಿಗೆ ಫ್ರಾನ್ಸಿನ ಕುಂಬಾರ ಬೆರ್ನಾರ್ ಪಾಲಿಸಿಯಿಂದ ಬಂದದ್ದು. ನೀರಿನಲ್ಲಿ ಕರಗುವ ಲವಣಗಳು ಗಿಡಕ್ಕೆ ಆಹಾರ ಎಂಬ ಇಂದಿನ ತಿಳಿವಳಿಕೆಗೆ ಇದು ತೀರಾ ದೂರವೇನಲ್ಲ.

ಮರಳು ನೆಲಕ್ಕೆ ಮಾರ್ಲ್ ಹೊಡೆಯುತ್ತಿದ್ದರು. ಸುಣ್ಣದ ಅಂಶವಿರುವ ಜೇಡಿಮಣ್ಣು ಅದು. ಗುಂಡಿ ತೋಡಿ, ಗಾಡಿಯಲ್ಲಿ ಹೇರಿ, ಹೊಲದ ಮೇಲೆಲ್ಲ ಹರಡಬೇಕು. ದುಬಾರಿ ಕೆಲಸ, ಆದರೆ ಒಮ್ಮೆ ಹೊಡೆದರೆ ಅದರ ಗುಣ ವರ್ಷಗಟ್ಟಲೆ ಇರುತ್ತಿತ್ತು. ಇನ್ನು ಬರಡು ನೆಲದ ಹುಲ್ಲಿನ ಹೆಪ್ಪನ್ನು ಬೇರುಸಹಿತ ಸುಲಿದು, ಒಣಗಿಸಿ, ಗುಡ್ಡೆ ಹಾಕಿ ಸುಟ್ಟು ಬೂದಿ ಎರಚುವ ಪದ್ಧತಿ ಡೆವನ್ ಕಡೆಯದು.

ಎಲ್ಲಕ್ಕಿಂತ ಹೆಚ್ಚು ನೆಚ್ಚಿದ್ದು ಮಾತ್ರ ಕುರಿಯನ್ನೇ. ಹಗಲು ಗುಡ್ಡದಲ್ಲಿ ಮೇಯಿಸಿ ರಾತ್ರಿ ಹೊಲದಲ್ಲಿ ತಟ್ಟಿಯ ಬೇಲಿಯೊಳಗೆ ಕೂಡುವುದು, ಮರುದಿನ ತಟ್ಟಿ ಸರಿಸುವುದು. ದಖನ್ನಿನ ಹೊಲಗಳಲ್ಲಿ ಕುರುಬರ ಮಂದೆ ನಿಲ್ಲಿಸಿಕೊಳ್ಳುವವರಿಗೆ ಇದು ಗೊತ್ತಿರುವ ಕೆಲಸವೇ.

ಚಳಿಗಾಲದಲ್ಲಿ ಹುಲ್ಲುಗಾವಲಿಗೆ ನೀರು ಯಾಕೆ ಹಾಯಿಸ್ತಿದ್ರು? ಮೊದಲೇ ಅಲ್ಲಿ ಮಳೆ ಜಾಸ್ತಿ ಅಲ್ವಾ?

ಇದು ಒಳ್ಳೆಯ ಪ್ರಶ್ನೆ. ಬಾಯಾರಿಕೆ ತಣಿಸಲು ಹಾಯಿಸಿದ ನೀರಲ್ಲ ಅದು. ಹೊಳೆಯ ನೀರು, ಅದರಲ್ಲೂ ಸುಣ್ಣಕಲ್ಲಿನ ಬುಗ್ಗೆಗಳಿಂದ ಬಂದ ನೀರು, ಚಳಿಗಾಲದ ನೆಲಕ್ಕಿಂತ ಬೆಚ್ಚಗಿರುತ್ತದೆ. ಅದನ್ನು ಹುಲ್ಲಿನ ಮೇಲೆ ತೆಳ್ಳಗೆ, ನಿಲ್ಲದೆ ಹರಿಸಿದರೆ ಹಿಮ ಕಟ್ಟುವುದಿಲ್ಲ, ಜೊತೆಗೆ ಗೋಡುಮಣ್ಣೂ ಬರುತ್ತದೆ. ನಿಂತರೆ ಮಾತ್ರ ಹುಲ್ಲು ಕೊಳೆಯುತ್ತದೆ. ಹೀಗಾಗಿ ತೂಬು, ಕವಲು ಕಾಲುವೆ, ಬಸಿಗಾಲುವೆ ಎಲ್ಲವೂ ಅಳತೆಗೆ ಸರಿಯಾಗಿರಬೇಕು.

ಲಾಭ ಬರುತ್ತಿದ್ದುದು ಮಾರ್ಚ್, ಏಪ್ರಿಲಿನಲ್ಲಿ. ಒಣಹುಲ್ಲು ಮುಗಿದು ಹೊಸ ಹುಲ್ಲು ಬಾರದ ಆ ವಾರಗಳಲ್ಲಿ ಕುರಿಮರಿಗಳು ಸಾಯುತ್ತಿದ್ದವು. ನೀರು ಹಾಯಿಸಿದ ಕಡೆ ಹುಲ್ಲು ಮೊದಲೇ ಎದ್ದಿರುತ್ತಿತ್ತು. ಜಾಸ್ತಿ ಕುರಿ ಬದುಕಿದರೆ ಜಾಸ್ತಿ ಗೊಬ್ಬರ, ಜಾಸ್ತಿ ಗೊಬ್ಬರದಿಂದ ಜಾಸ್ತಿ ಬಾರ್ಲಿ. ವಿಲ್ಟ್‌ಶೈರ್, ಡಾರ್ಸೆಟ್, ಹ್ಯಾಂಪ್‌ಶೈರ್ ಕಣಿವೆಗಳು ಇದರಿಂದ ಏಳಿಗೆ ಕಂಡವು.

ಇದರ ಮೇಲೆ ಮೊದಲು ಪುಸ್ತಕ ಬರೆದವನು ಹೆರೆಫೋರ್ಡ್‌ಶೈರಿನ ರೋಲಂಡ್ ವಾನ್, 1610ರಲ್ಲಿ. ಮೋಲ್ ಎಂಬ ಪುಟ್ಟ ಪ್ರಾಣಿ ತೋಡಿದ ಬಿಲದಿಂದ ನೀರು ಹರಿದು, ಹರಿದಷ್ಟು ಜಾಗ ಮಾತ್ರ ಹಸಿರಾಗಿದ್ದುದನ್ನು ಕಂಡು ತನಗೆ ಹೊಳೆಯಿತು ಎನ್ನುತ್ತಾನೆ. ಪುಸ್ತಕ ಮಾತ್ರ ಮಹಾ ವಾಚಾಳಿ. ನೀರಿನ ವಿಷಯಕ್ಕೆ ಬರುವಷ್ಟರಲ್ಲಿ ತನ್ನ ವ್ಯಾಜ್ಯ, ತನ್ನ ಯೋಜನೆ, ಬಂಧುಗಳ ಹೊಗಳಿಕೆ ಎಲ್ಲ ಆಗಿರುತ್ತದೆ.

ಕ್ಲೋವರ್, ಟರ್ನಿಪ್ ಬಂದಿದ್ದರಿಂದ ಅಷ್ಟೊಂದು ಬದಲಾವಣೆ ಆಯ್ತಾ?

ಆಯಿತು, ನಿಧಾನವಾಗಿ. ಹಳೆಯ ಪದ್ಧತಿಯಲ್ಲಿ ಮೂರರಲ್ಲಿ ಒಂದು ಪಾಲು ಹೊಲವನ್ನು ಪ್ರತಿ ವರ್ಷ ಬೀಳು ಬಿಡುತ್ತಿದ್ದರು. ಸರ್ ರಿಚರ್ಡ್ ವೆಸ್ಟನ್ ಎಂಬ ಕ್ಯಾಥಲಿಕ್ ಜಮೀನ್ದಾರ ಅಂತರ್ಯುದ್ಧದ ಸಮಯದಲ್ಲಿ ದೇಶ ಬಿಟ್ಟು ಫ್ಲಾಂಡರ್ಸ್‌ಗೆ ಹೋಗಿದ್ದ. ಅಲ್ಲಿ ಬಂಜರು ಮರಳು ನೆಲದಲ್ಲಿ ಅಗಸೆ, ಟರ್ನಿಪ್, ಕ್ಲೋವರ್ ಸರದಿಯಲ್ಲಿ ಬೆಳೆದು ಹಣ ಮಾಡುವುದನ್ನು ಕಂಡ. ತನ್ನ ಮಕ್ಕಳಿಗಾಗಿ 1645ರಲ್ಲಿ ಬರೆದಿಟ್ಟ. ಆ ಬರಹ ಕೈಯಿಂದ ಕೈಗೆ ಹೋಗಿ 1650ರಲ್ಲಿ ಲಂಡನ್ನಿನ ಸ್ಯಾಮ್ಯುಯಲ್ ಹಾರ್ಟ್‌ಲಿಬ್ ಎಂಬಾತ ಅಚ್ಚು ಹಾಕಿಸಿದ. 1663ರಲ್ಲಿ ಆ್ಯಂಡ್ರೂ ಯಾರಂಟನ್ ಬರೀ ಕ್ಲೋವರ್ ಮೇಲೆಯೇ ಪುಸ್ತಕ ತಂದ. ಬೀಜ ಬರುತ್ತಿದ್ದುದು ಸಮುದ್ರದಾಚೆಯಿಂದ, ಅದರಲ್ಲಿ ಕಳಪೆಯೂ ಬರುತ್ತಿತ್ತು. ಬೀಜ ನೋಡಿ ಕೊಳ್ಳಿ ಎಂದು ಬ್ಲಿತ್ ಎಚ್ಚರಿಸುತ್ತಾನೆ.

ಇವುಗಳ ಉಪಯೋಗ ಬೇರೆ ಬೇರೆ. ಟರ್ನಿಪ್ ಸಾಲಿನಲ್ಲಿ ಕಳೆ ತೆಗೆಯಬಹುದು, ಚಳಿಗಾಲಕ್ಕೆ ದನ ಕುರಿಗೆ ಮೇವು. ಕ್ಲೋವರ್ ಮೇವೂ ಹೌದು, ಮುಂದಿನ ಗೋಧಿಗೆ ಬಲವೂ ಹೌದು. ಯಾಕೆ ಬಲ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ದ್ವಿದಳ ಸಸ್ಯಗಳ ಬೇರಿನ ಗಂಟಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕ ಹಿಡಿದುಕೊಡುತ್ತವೆ ಎಂದು ಜರ್ಮನಿಯಲ್ಲಿ ಪ್ರಯೋಗದಿಂದ ಸಾಬೀತಾಗಿದ್ದು 1880ರ ದಶಕದಲ್ಲಿ. ಅಂದರೆ ಯಾರಂಟನ್ ಬರೆದು ಇನ್ನೂರು ವರ್ಷಕ್ಕೂ ಮೇಲೆ.

ಮುಂದೆ ಇದೇ ನಾರ್ಫೋಕ್‌ನ ನಾಲ್ಕು ಬೆಳೆಯ ಸರದಿಯಾಯಿತು: ಗೋಧಿ, ಟರ್ನಿಪ್, ಬಾರ್ಲಿ, ಕ್ಲೋವರ್. ಶಾಲೆಯ ಪಾಠದಲ್ಲಿ ಟರ್ನಿಪ್ ತಂದವನು ಲಾರ್ಡ್ ಟೌನ್ಸೆಂಡ್ ಎಂದು ಬರುತ್ತದೆ. ಆತ ರಾಜಕೀಯ ಬಿಟ್ಟು ಹಳ್ಳಿಗೆ ಬಂದದ್ದು 1730ರಲ್ಲಿ. ಇಂಗ್ಲೆಂಡಿನ ಪೂರ್ವ ಭಾಗದ ರೈತರು 1660ರ ದಶಕದಲ್ಲೇ ದನಕ್ಕೆ ಟರ್ನಿಪ್ ಹಾಕುತ್ತಿದ್ದರು.

ಜೌಗು ಪ್ರದೇಶ ಬತ್ತಿಸಿದ್ದು ಯಶಸ್ಸೋ ಅಪಯಶಸ್ಸೋ?

ಎರಡೂ. 1630ರಲ್ಲಿ ಬೆಡ್‌ಫೋರ್ಡಿನ ಅರ್ಲ್ ಮತ್ತು ಅವನ ಜೊತೆಯ ಬಂಡವಾಳಗಾರರು ಇಂಗ್ಲೆಂಡಿನ ಪೂರ್ವದ ಫೆನ್ಸ್ ಜೌಗನ್ನು ಬತ್ತಿಸಲು ಒಪ್ಪಂದ ಮಾಡಿಕೊಂಡರು. ಪ್ರತಿಯಾಗಿ ಅವರಿಗೆ 95,000 ಎಕರೆ. ಕೆಲಸದ ಮೇಲ್ವಿಚಾರಣೆ ಡಚ್ ಎಂಜಿನಿಯರ್ ಕಾರ್ನೀಲಿಯಸ್ ವರ್ಮೈಡನ್‌ನದು. ಬಳಸು ಹೊಳೆಗೆ ಬದಲಾಗಿ 21 ಮೈಲಿಯ ನೇರ ಕಾಲುವೆ ತೋಡಿದರು. ಮೀನು, ಕಾಡುಬಾತು, ಜೊಂಡು, ಬೇಸಿಗೆಯ ಮೇವು ನಂಬಿ ಬದುಕಿದ್ದ ಅಲ್ಲಿನ ಜನ ದಂಡೆ ಒಡೆದರು, ಗಲಾಟೆ ಮಾಡಿದರು.

ನೀರು ಹೋದ ಮೇಲೆ ನೆಲದ ಗುಣ ಗೊತ್ತಾಯಿತು. ಕೊಳೆತ ಸಸ್ಯಗಳ ಪೀಟ್ ಮಣ್ಣು ಒಣಗಿದರೆ ಕುಗ್ಗುತ್ತದೆ, ಗಾಳಿ ತಾಕಿದರೆ ಕರಗಿಹೋಗುತ್ತದೆ. ಹೊಲ ಕೆಳಗಿಳಿಯಿತು, ಕಾಲುವೆ ಮೇಲುಳಿಯಿತು. ನೀರೆತ್ತಲು ಗಾಳಿಯಂತ್ರ ಬೇಕಾಯಿತು, 19ನೇ ಶತಮಾನದಲ್ಲಿ ಹಬೆಯಂತ್ರ. ಹೋಮ್ ಎಂಬಲ್ಲಿ 1851ರಲ್ಲಿ ಒಂದು ಕಬ್ಬಿಣದ ಕಂಬವನ್ನು ತುದಿ ನೆಲಮಟ್ಟಕ್ಕೆ ಬರುವಂತೆ ಹೂತಿದ್ದರು. ಇಂದು ಅದು ನೆಲದಿಂದ ಸುಮಾರು 4 ಮೀಟರ್ ಮೇಲೆ ಎದ್ದು ನಿಂತಿದೆ. ಕಂಬ ಅಲುಗಿಲ್ಲ, ನೆಲವೇ ಇಳಿದಿದೆ. ಈ ನೆಲ ಇವತ್ತೂ ಬ್ರಿಟನ್ನಿನ ಅತಿ ಫಲವತ್ತಾದ ತರಕಾರಿ ಭೂಮಿಗಳಲ್ಲಿ ಒಂದು ಎಂಬುದೂ ನಿಜ.

## ವಾದ ಹುಟ್ಟಿಸುವ ಪ್ರಶ್ನೆಗಳು

ಊರ ಗೋಮಾಳಕ್ಕೆ ಬೇಲಿ ಹಾಕಿ ಬಡವರನ್ನು ಓಡಿಸಿದ್ದು ಇದೇ ಪುಸ್ತಕಗಳಿಂದಲೇ ಅಲ್ವಾ?

ಪುಸ್ತಕ ಇಲ್ಲದಿದ್ದರೂ ಬೇಲಿ ಬರುತ್ತಿತ್ತು. ಉಣ್ಣೆಗೆ ಬೆಲೆ ಇತ್ತು, ಕುರಿಗೆ ಜಾಗ ಬೇಕಿತ್ತು. ಕುರಿಗಳು ಮನುಷ್ಯರನ್ನು ತಿನ್ನುತ್ತಿವೆ ಎಂದು ಥಾಮಸ್ ಮೋರ್ ಬರೆದದ್ದು 1516ರಲ್ಲಿ, ಫಿಟ್ಜ್‌ಹರ್ಬರ್ಟ್‌ಗಿಂತ ಮೊದಲೇ. 1549ರಲ್ಲಿ ನಾರ್ಫೋಕ್‌ನಲ್ಲಿ ಕೆಟ್ ಎಂಬಾತನ ದಂಗೆ, 1607ರಲ್ಲಿ ಮಧ್ಯ ಇಂಗ್ಲೆಂಡಿನಲ್ಲಿ ಇನ್ನೊಂದು. ಜನ ಬೇಲಿ ಕಿತ್ತರು, ಕೆಲವರು ನೇಣಿಗೇರಿದರು.

ಆದರೆ ಈ ಪುಸ್ತಕಗಳು ಯಾರ ಪರ ಎಂದು ಕೇಳಿದರೆ ಉತ್ತರ ಸ್ಪಷ್ಟ. ಫಿಟ್ಜ್‌ಹರ್ಬರ್ಟ್, ಟಸ್ಸರ್, ಬ್ಲಿತ್ ಎಲ್ಲರೂ ಬೇಲಿಯ ಪರ. ಸ್ವಂತ ಬೇಲಿಯೊಳಗೆ ಯಾವ ಬೆಳೆ ಬೇಕಾದರೂ ಬಿತ್ತಬಹುದು, ಪಕ್ಕದವನ ರೋಗದ ಕುರಿ ಬಾರದು. ತಾಂತ್ರಿಕವಾಗಿ ಸರಿ. ಬ್ಲಿತ್‌ಗೆ ಇನ್ನೊಂದು ಮುಖ ಕಾಣುತ್ತಿತ್ತು. ಜನರನ್ನು ಒಕ್ಕಲೆಬ್ಬಿಸುವ ಬೇಲಿ ತನಗೆ ಬೇಡ, ಬಡವರ ಪಾಲು ತೆಗೆದಿಟ್ಟು ಬೇಲಿ ಹಾಕಿ ಎಂದ. ಕೇಳಿದವರು ಕಡಿಮೆ.

ಅದೇ 1649ರ ಏಪ್ರಿಲಿನಲ್ಲಿ ಸರ್ರೆಯ ಸೇಂಟ್ ಜಾರ್ಜ್ ಗುಡ್ಡದಲ್ಲಿ ಜೆರಾರ್ಡ್ ವಿನ್‌ಸ್ಟಾನ್ಲಿ ಮತ್ತವನ ಸಂಗಡಿಗರು ಬೇರೆ ದಾರಿ ಹಿಡಿದರು. ಬಂಜರು ಸಾಮೂಹಿಕ ನೆಲವನ್ನು ಎಲ್ಲರೂ ಸೇರಿ ಅಗೆದು, ಗೊಬ್ಬರ ಹಾಕಿ, ಕ್ಯಾರೆಟ್, ಬೀನ್ಸ್ ಬಿತ್ತಿದರು. ಬಂಜರನ್ನು ಹಸನು ಮಾಡಬೇಕು ಎಂಬುದರಲ್ಲಿ ವಿನ್‌ಸ್ಟಾನ್ಲಿ, ಬ್ಲಿತ್ ಇಬ್ಬರದೂ ಒಂದೇ ಮಾತು. ಫಲ ಯಾರಿಗೆ ಎಂಬಲ್ಲಿ ದಾರಿ ಬೇರೆ. ಅಗೆದವರನ್ನು ಸುತ್ತಲ ಜಮೀನ್ದಾರರು ವರ್ಷದೊಳಗೆ ಓಡಿಸಿದರು.

ಆರ್ಥರ್ ಯಂಗ್ ಬೇಲಿಯ ಪರವಾಗಿ ಅತಿ ಜೋರಾಗಿ ಬರೆದವನು. ಕೊನೆಗೆ ಅವನೇ 1801ರಲ್ಲಿ, ಬೇಲಿ ಹಾಕಲು ಪಾರ್ಲಿಮೆಂಟ್ ಮಾಡಿದ 20 ಕಾಯ್ದೆಗಳಲ್ಲಿ 19ರಿಂದ ಬಡವರಿಗೆ ಅನ್ಯಾಯವಾಗಿದೆ ಎಂದು ಒಪ್ಪಿಕೊಂಡ.

ಗೇಣಿದಾರ ನೆಲ ಹಸನು ಮಾಡಿದ್ರೆ ಒಡೆಯ ಗೇಣಿ ಏರಿಸ್ತಾನೆ. ಇದಕ್ಕೆ ಇವರ ಹತ್ತಿರ ಉತ್ತರ ಇತ್ತಾ?

ಇತ್ತು. ಇಡೀ ಸಾಹಿತ್ಯದಲ್ಲಿ ಅತಿ ಹರಿತವಾದ ಭಾಗ ಇದೇ ಎಂದು ನನ್ನ ಅಭಿಪ್ರಾಯ. ಬಸಿಗಾಲುವೆ ತೋಡಿ, ಮಾರ್ಲ್ ಹೊಡೆದು ನೆಲ ಚೆನ್ನಾದ ಕೂಡಲೇ ಒಡೆಯ ಗೇಣಿ ಏರಿಸುತ್ತಾನೆ, ಇಲ್ಲವೇ ಬಿಡಿಸುತ್ತಾನೆ. ಬುದ್ಧಿ ಇರುವ ಗೇಣಿದಾರ ಹಾಗಾಗಿ ಏನೂ ಮಾಡುವುದಿಲ್ಲ ಎಂದು ಬ್ಲಿತ್ ನೇರವಾಗಿ ಬರೆದ. ರೈತ ಸೋಮಾರಿ ಎಂದು ಬೈಯುತ್ತಿದ್ದ ಕಾಲದಲ್ಲಿ ಇದು ದೊಡ್ಡ ಮಾತು.

ಅವರು ತೋರಿಸಿದ ಪರಿಹಾರ ಫ್ಲಾಂಡರ್ಸ್‌ನ ಪದ್ಧತಿ. ಗೇಣಿ ದೀರ್ಘ ಕಾಲಕ್ಕೆ. ಅವಧಿ ಮುಗಿದಾಗ ಯಾರ ಕಡೆಗೂ ಸೇರದವರು ಬಂದು ನೆಲ ಎಷ್ಟು ಹಸನಾಗಿದೆ ನೋಡಿ ಬೆಲೆ ಕಟ್ಟುತ್ತಾರೆ. ಅಷ್ಟು ಹಣವನ್ನು ಒಡೆಯ ಗೇಣಿದಾರನಿಗೆ ಕೊಡಬೇಕು. ಪಾರ್ಲಿಮೆಂಟ್ ಇದನ್ನು ಕಾನೂನು ಮಾಡಲಿ ಎಂದು ಬ್ಲಿತ್ ಬೇಡಿಕೊಂಡ. ಗೇಣಿದಾರನಿಗೆ ಪರಿಹಾರ ಕೊಡುವ ಕಾಯ್ದೆ ಇಂಗ್ಲೆಂಡಿನಲ್ಲಿ ಬಂದಿದ್ದು 1875ರಲ್ಲಿ, ಅದೂ ಬೇಡವೆಂದರೆ ಬಿಡಬಹುದಾದ ರೂಪದಲ್ಲಿ. ಬಿಡಲು ಬಾರದ ಕಾಯ್ದೆ 1883ರದು.

ಜೆತ್ರೋ ಟಲ್ ಕೂರಿಗೆ ಕಂಡುಹಿಡಿದ ಅಂತ ಪುಸ್ತಕದಲ್ಲಿದೆ. ನಮ್ಮ ಅಜ್ಜಂದಿರ ಕೂರಿಗೆ ಹಾಗಾದ್ರೆ ಏನು?

ಟಲ್ ಇಂಗ್ಲೆಂಡಿನಲ್ಲಿ ಒಂದು ಯಂತ್ರ ಕೂರಿಗೆ ಮಾಡಿದ, ಸುಮಾರು 1701ರಲ್ಲಿ. ಲೋಕದಲ್ಲೇ ಮೊದಲು ಸಾಲು ಬಿತ್ತನೆ ಮಾಡಿದವನು ಅವನಲ್ಲ. ನಮ್ಮಲ್ಲಿ, ಚೀನಾದಲ್ಲಿ, ಪುರಾತನ ಮೆಸೊಪೊಟೇಮಿಯಾದಲ್ಲಿ ಅದು ಬಹಳ ಹಳೆಯದು.

ಟಲ್ ವಕೀಲಿ ಓದಿದವನು, ಆರ್ಗನ್ ಎಂಬ ವಾದ್ಯ ನುಡಿಸುತ್ತಿದ್ದವನು. ಮೇವಿನ ಬೀಜವನ್ನು ಸಾಲಿನಲ್ಲಿ ವಿರಳವಾಗಿ ಹಾಕಿ ಎಂದರೆ ಆಳುಗಳು ಒಪ್ಪಲಿಲ್ಲ. ಹಾಗಿದ್ದರೆ ಯಂತ್ರವನ್ನೇ ಮಾಡುತ್ತೇನೆ ಎಂದು ಹೊರಟ. ಬೀಜ ಬೀಳಿಸುವ ಭಾಗದ ಕಲ್ಪನೆ ಬಂದದ್ದು ಆರ್ಗನ್ನಿನ ಒಳಗಿನ ಜೋಡಣೆಯಿಂದ. ಆಮೇಲೆ ದಕ್ಷಿಣ ಫ್ರಾನ್ಸಿನಲ್ಲಿ ದ್ರಾಕ್ಷಿ ತೋಟದ ಸಾಲುಗಳ ನಡುವೆ ಅಗೆಯುವುದನ್ನು ಕಂಡು, ಕುದುರೆ ಎಳೆಯುವ ಎಡೆಕುಂಟೆ ಮಾಡಿದ. ಗಿಡ ಮಣ್ಣಿನ ಅತಿ ಸಣ್ಣ ಕಣಗಳನ್ನೇ ತಿನ್ನುತ್ತದೆ, ಆದ್ದರಿಂದ ಮಣ್ಣನ್ನು ಪುಡಿ ಮಾಡುತ್ತಿದ್ದರೆ ಸಾಕು, ತಿಪ್ಪೆ ಗೊಬ್ಬರ ಬೇಡ ಎಂಬುದು ಅವನ ಸಿದ್ಧಾಂತ. ಸಿದ್ಧಾಂತ ತಪ್ಪು. ಎಡೆ ಹೊಡೆಯುವುದು ಮಾತ್ರ ಸರಿ, ಏಕೆಂದರೆ ಕಳೆ ಸಾಯುತ್ತದೆ. ತಪ್ಪು ಕಾರಣದಿಂದ ಸರಿ ಕೆಲಸ ಮಾಡಿದವರು ಈ ಚರಿತ್ರೆಯಲ್ಲಿ ಬಹಳ ಮಂದಿ.

ಟಿಪ್ಪು ಬಿದ್ದ ಮೇಲೆ 1800-01ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಓಡಾಡಿದಾಗ ರಾಗಿಯನ್ನು ಕೂರಿಗೆಯಲ್ಲಿ ಬಿತ್ತಿ, ಎತ್ತು ಕಟ್ಟಿ ಕುಂಟೆ ಹೊಡೆಯುವುದನ್ನು ಕಂಡು ಬರೆದುಕೊಂಡ. ಅದಕ್ಕೂ ಸ್ವಲ್ಪ ಮೊದಲು ಹಾಲ್ಕಾಟ್ ಎಂಬ ಸೇನಾಧಿಕಾರಿ ದಕ್ಷಿಣ ಭಾರತದ ಕೂರಿಗೆಯ ವಿವರವನ್ನು ಲಂಡನ್ನಿನ ಕೃಷಿ ಮಂಡಳಿಗೆ ಕಳಿಸಿದ್ದ. ಇದು ಯುರೋಪಿನ ಹೊಸ ಶೋಧ ಎಂದುಕೊಂಡಿದ್ದವನಿಗೆ ಇಲ್ಲಿನ ಹೊಲದಲ್ಲಿ ಅದೇ ಕಂಡಿತ್ತು. ಇಂಗ್ಲೆಂಡಿನ ಬಹುಪಾಲು ರೈತರು ಆ ಹೊತ್ತಿಗೂ ಬೀಜವನ್ನು ಕೈಯಲ್ಲಿ ಎರಚುತ್ತಿದ್ದರು.

ಹಾಗಾದ್ರೆ ಬ್ರಿಟಿಷರು ನಮಗೆ ಬೇಸಾಯ ಕಲಿಸಿದ್ದು ಸುಳ್ಳಾ?

ಪುಸ್ತಕದ ಬೇಸಾಯಕ್ಕಿಂತ ಪುಸ್ತಕದ ಜಮೀನ್ದಾರ ಇಲ್ಲಿಗೆ ಮೊದಲು ಬಂದ. 1793ರಲ್ಲಿ ಕಾರ್ನ್‌ವಾಲಿಸ್ ಬಂಗಾಳದ ಕಂದಾಯವನ್ನು ಶಾಶ್ವತವಾಗಿ ಗೊತ್ತುಮಾಡಿದ. ಜಮೀನ್ದಾರರು ಇಂಗ್ಲೆಂಡಿನವರ ಹಾಗೆ ನೆಲಕ್ಕೆ ದುಡ್ಡು ಹಾಕಿ ಹಸನು ಮಾಡುತ್ತಾರೆ ಎಂಬುದು ಅದರ ಹಿಂದಿನ ಆಸೆಗಳಲ್ಲಿ ಒಂದು. ಅವರು ಹಾಗೆ ಮಾಡಲಿಲ್ಲ. ಕೆನರಾ, ಬಳ್ಳಾರಿ ಕಡೆ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಜಮೀನ್ದಾರರನ್ನು ನಂಬಲಿಲ್ಲ. ನೇರ ರೈತನ ಜೊತೆಗೇ ಲೆಕ್ಕ ಎಂದ.

ಬೇಸಾಯದ ವಿಷಯಕ್ಕೆ ಬಂದರೆ, 1889ರಲ್ಲಿ ಇಂಗ್ಲೆಂಡಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ರಸಾಯನ ತಜ್ಞ ಜಾನ್ ಆಗಸ್ಟಸ್ ವೋಲ್ಕರ್‌ನನ್ನು ಇಲ್ಲಿನ ಕೃಷಿ ಸುಧಾರಿಸಲು ಕಳಿಸಿದರು. ಊರೂರು ತಿರುಗಿ 1893ರಲ್ಲಿ ವರದಿ ಕೊಟ್ಟ. ಇಲ್ಲಿನ ಒಳ್ಳೆಯ ರೈತ ಇಂಗ್ಲೆಂಡಿನ ಸಾಧಾರಣ ರೈತನಿಗೆ ಸಮ, ಕೆಲವು ವಿಷಯಗಳಲ್ಲಿ ಮೇಲು ಎಂದು ಬರೆದ. ಕೊರತೆ ನೀರಿನದು, ಗೊಬ್ಬರದ್ದು. ಸೌದೆ ಇಲ್ಲದೆ ಸಗಣಿ ಒಲೆಗೆ ಹೋಗುತ್ತಿದೆ, ಆದ್ದರಿಂದ ಸೌದೆಗೆ ಕಾಡು ಬೆಳೆಸಿ ಎಂದ. ಕಲಿಸಲು ಬಂದವರಲ್ಲಿ ಮೊದಲು ನೋಡಿ ಮಾತಾಡಿದವನು ಎಂಬ ಕಾರಣಕ್ಕೆ ಅವನ ವರದಿ ಇಂದಿಗೂ ಓದಬಹುದು.

ಒಟ್ಟಿನಲ್ಲಿ ಈ ಪುಸ್ತಕಗಳಿಂದ ಇಳುವರಿ ಏರಿತಾ?

ಇಳುವರಿ ಏರಿದ್ದು ನಿಜ. ಮಧ್ಯಯುಗದಲ್ಲಿ ಎಕರೆಗೆ ಸುಮಾರು 10 ಬುಷೆಲ್ (ಕಾಳು ಅಳೆಯುವ ಇಂಗ್ಲಿಷ್ ಅಳತೆ) ಬರುತ್ತಿದ್ದ ಗೋಧಿ 1800ರ ಹೊತ್ತಿಗೆ ಸುಮಾರು 20ಕ್ಕೆ ಬಂದಿತ್ತು. ಯಾವಾಗ ಏರಿತು ಎಂಬುದರಲ್ಲೇ ಇತಿಹಾಸಕಾರರಿಗೆ ಒಮ್ಮತವಿಲ್ಲ. ಎರಿಕ್ ಕೆರಿಜ್ 1967ರಲ್ಲಿ, ಕೃಷಿ ಕ್ರಾಂತಿ 16, 17ನೇ ಶತಮಾನದಲ್ಲೇ ಆಯಿತು ಎಂದು ವಾದಿಸಿದರು. ಮಾರ್ಕ್ ಓವರ್ಟನ್ 1996ರಲ್ಲಿ, ಇಲ್ಲ, ನಿಜವಾದ ಜಿಗಿತ 1750ರ ನಂತರದ್ದು ಎಂದರು. ಎರಡನೆಯದು ಸರಿಯಾದರೆ ಪುಸ್ತಕ ಬಂದು ನೂರು ವರ್ಷವಾದ ಮೇಲೆ ಹೊಲ ಬದಲಾಯಿತು.

ನಾನು ಓವರ್ಟನ್ ಕಡೆ ವಾಲುತ್ತೇನೆ. 1664ರಲ್ಲಿ ರಾಯಲ್ ಸೊಸೈಟಿ ಬೇಸಾಯಕ್ಕೆಂದು ಸಮಿತಿ ಮಾಡಿ ಪ್ರಶ್ನಾವಳಿ ತಯಾರಿಸಿತು. ನಿಮ್ಮ ಕಡೆ ಮಣ್ಣು ಯಾವುದು, ಗೊಬ್ಬರ ಯಾವುದು, ಯಾವಾಗ ಉಳುತ್ತೀರಿ ಎಂದು. ಬಂದ ಉತ್ತರ ಬೆರಳೆಣಿಕೆಯಷ್ಟು. ದೇಶದ ಅತಿ ಬುದ್ಧಿವಂತರ ಕೂಟಕ್ಕೇ ಹೊಲದ ಕಡೆಯಿಂದ ಅಷ್ಟು ತಣ್ಣನೆಯ ಪ್ರತಿಕ್ರಿಯೆ ಇತ್ತು.

ಓದಬೇಕು ಅಂದ್ರೆ ಎಲ್ಲಿಂದ ಶುರು ಮಾಡಲಿ?

ಮೊದಲು ಫಿಟ್ಜ್‌ಹರ್ಬರ್ಟ್. ಅಧ್ಯಾಯಗಳು ಪುಟ್ಟವು, ಮಾತು ನೇರ. ಕಾಗುಣಿತ ವಿಚಿತ್ರ ಅನಿಸಿದರೆ ಗಟ್ಟಿಯಾಗಿ ಓದಿ, ಕಿವಿಗೆ ಅರ್ಥವಾಗುತ್ತದೆ. ಟಸ್ಸರ್‌ನನ್ನು ಒಟ್ಟಿಗೆ ಓದಬೇಡಿ, ಬೇಸರ ಬರುತ್ತದೆ. ಆಯಾ ತಿಂಗಳದ್ದು ಆಯಾ ತಿಂಗಳು ಸಾಕು. ಬ್ಲಿತ್‌ನ 1652ರ ಮುದ್ರಣ ಕೊನೆಗಿಡಿ. ವಾಕ್ಯಗಳು ಉದ್ದ, ಆದರೆ ಗೇಣಿಯ ಭಾಗವನ್ನು ಬಿಡಬೇಡಿ. ಇವೆಲ್ಲ ಹಕ್ಕುಸ್ವಾಮ್ಯ ಮುಗಿದವು, ಅಂತರ್ಜಾಲದ ಪುಸ್ತಕ ಭಂಡಾರಗಳಲ್ಲಿ ಪುಕ್ಕಟೆ ಸಿಗುತ್ತವೆ. ಚಂದ್ರನ ಕ್ಷಯದಲ್ಲಿ ಬಟಾಣಿ ಬಿತ್ತು ಎಂದು ಟಸ್ಸರ್ ಹೇಳಿದರೆ ಮಾತ್ರ ನಂಬುವುದು ಬಿಡುವುದು ನಿಮಗೆ ಸೇರಿದ್ದು.